ಯಾರೂ ಮುಟ್ಟದ ಬುತ್ತಿ

“ಅಣ್ಣಾ, ಗವಿಯ ಒರತೆಗೆ ಇದೇ ದಾರಿಯೇನು?”

ಕಾಶಮ್ಮ ಕೇಳಿದ್ದಕ್ಕೆ ಆಡು ಕಾಯುವವನು ತಲೆ ಎತ್ತಿದ. ಅವಳ ಹೆಗಲ ಮೇಲಿನ ಬುತ್ತಿಗಂಟನ್ನು ನೋಡಿದ. ಹಿಂದೆ ಕೋಲೂರಿಕೊಂಡು ಬರುತ್ತಿದ್ದ ಗುರುತಾಯಿಯನ್ನು ನೋಡಿದ.

“ದಾರಿ ಇದೇ ಅಕ್ಕಾರ. ಆದರ ನೀವು ಹೊಂಟಿದ್ದು ಉಲ್ಟಾ. ಒರತಿ ನಿಮ್ಮ ಬೆನ್ನಿಗೆ ಐತಿ. ಉಳಿದ ಹೆಣ್ಮಕ್ಕಳೆಲ್ಲ ಆಗಲೇ ದೊಡ್ಡ ದಾರೀಲೆ ಹೋದ್ರು. ನೀವ್ಯಾಕ ಇತ್ತಾಗ ಬಂದ್ರಿ?”

ಒಳದಾರಿ ಗೊತ್ತೆಂದು ಗುರುತಾಯಿಯನ್ನು ಇತ್ತ ಕರೆತಂದವಳು ಕಾಶಮ್ಮನೇ. ಒಳದಾರಿ ಬಲ್ಲೆನೆನ್ನುವವರು ಯಾವ ದೇಶದಲ್ಲೂ ಬೇಗ ಮುಟ್ಟಿಸಿದ್ದಿಲ್ಲ. ಆದರೆ ಅವಳಿಗೆ ಅವಸರವಿತ್ತು. ಪ್ರತಿ ಚಳಿಗಾಲ ಗುರುತಾಯಿ ತಮ್ಮ ಶಿಷ್ಯೆಯರನ್ನು ಒಂದು ದಿನದ ಮಟ್ಟಿಗೆ ಒರತೆಯ ದಂಡೆಗೆ ಕರೆದೊಯ್ಯುತ್ತಿದ್ದರು. ಎಲ್ಲರೂ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ಇವತ್ತು ಜೊತೆಯ ಶಿಷ್ಯೆ ತುಳಜವ್ವ ಗಂಟು ಬಿಚ್ಚುವ ಮೊದಲೇ ತಾನು ಬಿಚ್ಚಬೇಕು, ಗುರುತಾಯಿಯ ಬಾಯಿಗೆ ಮೊದಲು ಹೋಗುವುದು ತನ್ನ ರೊಟ್ಟಿಯೇ ಆಗಬೇಕು ಎಂಬುದು ಕಾಶಮ್ಮನ ಹಟ.

ಇಬ್ಬರೂ ಹಿಂದಕ್ಕೆ ತಿರುಗಿದರು. ಸ್ವಲ್ಪ ದೂರ ನಡೆದ ಮೇಲೆ ಗುರುತಾಯಿ ಒಂದು ಬೇವಿನ ಮರದ ಕೆಳಗೆ ಕುಳಿತರು. ಕಾಶಮ್ಮನೂ ಕುಳಿತಳು. ಮನಸ್ಸಿನಲ್ಲಿದ್ದ ಮಾತು ಹೊರಗೆ ಬಂತು.

“ಅವ್ವಾ, ನನ್ನ ಬುತ್ತಿಯಲ್ಲಿ ಏನು ಕಡಿಮೆ? ಹೋದ ವರ್ಷ ಪೇಟೆಯಿಂದ ಖರ್ಜೂರ, ಗೋಡಂಬಿ ತರಿಸಿದ್ದೆ. ಯಾರೂ ಮುಟ್ಟಲಿಲ್ಲ. ತುಳಜವ್ವ ತನ್ನ ಹೊಲದಲ್ಲಿ ಬೆಳೆದದ್ದನ್ನು ಹಳೇ ಬಟ್ಟೆಯಲ್ಲಿ ಸುತ್ತಿಕೊಂಡು ಬಂದಳು, ಎಲ್ಲರೂ ಮುಗಿಬಿದ್ದರು. ಈ ಸಲ ನಾನೂ ಅವಳ ಊರಿನದೇ ಸಜ್ಜೆ, ಅವಳ ಊರಿನದೇ ಗುರೆಳ್ಳು ತರಿಸಿ ರೊಟ್ಟಿ ಚಟ್ನಿ ಮಾಡಿದ್ದೇನೆ. ಇವತ್ತೂ ನನ್ನ ಗಂಟು ತುಂಬಿದ್ದು ತುಂಬಿದ ಹಾಗೇ ಮನೆಗೆ ಮರಳಿದರೆ, ನಾನಿನ್ನು ನಿಮ್ಮಲ್ಲಿಗೆ ಬರುವುದಿಲ್ಲ.”

“ಯಾರೂ ಮುಟ್ಟಲೇ ಇಲ್ಲವೇ?”

“ತುಳಜವ್ವ ಒಬ್ಬಳು ಒಂದು ತುತ್ತು ತಿಂದಳು. ಅಣಕಿಸಲಿಕ್ಕೆ.”

ಗುರುತಾಯಿ ಕೋಲನ್ನು ಪಕ್ಕಕ್ಕಿಟ್ಟು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವರ್ತಕನ ಹೆಂಡತಿ ಇದ್ದಳು. ಸುಗ್ಗಿ ಮುಗಿದ ಮೇಲೆ ಊರ ಹೆಂಗಸರೆಲ್ಲ ಬುತ್ತಿ ಕಟ್ಟಿಕೊಂಡು ಹೊಳೆಯ ದಂಡೆಗೆ ಹೋಗುವುದು ಅಲ್ಲಿಯ ರೂಢಿ. ಗಂಟು ಬಿಚ್ಚಿ ಮುಂದಿಟ್ಟ ಮೇಲೆ ತನ್ನದನ್ನು ತಾನು ಉಣ್ಣುವಂತಿಲ್ಲ. ಬೇರೆಯವರ ಬುತ್ತಿಗೆ ಕೈ ಹಾಕಬೇಕು. ಒಬ್ಬಳು ನಿನ್ನದರಿಂದ ಒಂದು ತುತ್ತು ತೆಗೆದರೆ ನೀನು ಅವಳದರಿಂದ ಒಂದು ತುತ್ತು ತೆಗೆಯಬೇಕು. ತೆಗೆಯದಿದ್ದರೆ ತುತ್ತಿನ ಋಣ ತಲೆಯ ಮೇಲೆ ಉಳಿಯಿತೆಂದು ಅರ್ಥ.

ವರ್ತಕನ ಹೆಂಡತಿ ದೂರದೂರಿನ ತಿನಿಸುಗಳನ್ನು ಬೆಳ್ಳಿಯ ಡಬ್ಬಿಯಲ್ಲಿ ತರುತ್ತಿದ್ದಳು. ಡಬ್ಬಿ ತೆರೆದಿಟ್ಟು, ಕೈ ಕಟ್ಟಿ ಕುಳಿತು, ಯಾರ ಕೈ ಯಾವ ಕಡೆ ಹೋಯಿತೆಂದು ನೋಡುತ್ತಿದ್ದಳು. ಕೈಗಳೆಲ್ಲ ನೇಕಾರನ ಹೆಂಡತಿಯ ಕಡೆ ಹೋಗುತ್ತಿದ್ದವು. ಅವಳ ವಸ್ತ್ರದಲ್ಲಿ ಇರುತ್ತಿದ್ದದ್ದು ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿ, ಹಸಿ ಕಡಲೆ, ಬಾರಿಹಣ್ಣು. ಎಲ್ಲ ಆ ಊರಿನದೇ. ಆ ವಸ್ತ್ರ ಎಲ್ಲಕ್ಕಿಂತ ಮೊದಲು ಬರಿದಾಗುತ್ತಿತ್ತು. ಬೆಳ್ಳಿಯ ಡಬ್ಬಿಗೆ ಕೈ ಹಾಕುವವಳು ನೇಕಾರನ ಹೆಂಡತಿ ಒಬ್ಬಳೇ. ಉಳಿದದ್ದನ್ನು ಹೊತ್ತುಕೊಂಡು ವರ್ತಕನ ಹೆಂಡತಿ ಮನೆಗೆ ಬರುವಳು. ಆ ರಾತ್ರಿ ಊಟ ಸೇರುತ್ತಿರಲಿಲ್ಲ, ನಿದ್ದೆ ಹತ್ತಿರ ಸುಳಿಯುತ್ತಿರಲಿಲ್ಲ.

ಒಂದು ವರ್ಷ ಅವಳು ಉಪಾಯ ಹೂಡಿದಳು. ಹೊಳೆಗೆ ಹೋಗುವ ಮುಂಚಿನ ಸಂತೆಯಲ್ಲಿ ಆಳುಗಳನ್ನು ಬಿಟ್ಟು ಸಜ್ಜೆ, ಗುರೆಳ್ಳು, ಹಸಿ ಕಡಲೆ, ಬಾರಿಹಣ್ಣು ಎಲ್ಲವನ್ನೂ ಕೊಳ್ಳಿಸಿದಳು. ಒಂದು ಹಿಡಿ ಉಳಿಸಲಿಲ್ಲ. ಬೆಳ್ಳಿಯ ಡಬ್ಬಿಯನ್ನು ಮನೆಯಲ್ಲೇ ಬಿಟ್ಟು, ಮಾಸಿದ ವಸ್ತ್ರವೊಂದನ್ನು ಹುಡುಕಿ ತೆಗೆದು, ಅದರಲ್ಲಿ ರೊಟ್ಟಿ ಕಟ್ಟಿಕೊಂಡು ಹೊರಟಳು.

ನೇಕಾರನ ಹೆಂಡತಿ ಬರಿಯ ವಸ್ತ್ರವನ್ನೇ ಹಾಸಿ ಕುಳಿತಳು.

“ಈ ಸಲ ಸಂತ್ಯಾಗ ಏನೂ ಸಿಗಲಿಲ್ಲ ನೋಡ್ರವ್ವಾ. ಯಾರ ಮನ್ಯಾಗ ಏನು ಲಗ್ನ ಇತ್ತೋ! ನಾ ತಿನ್ನಾಕ ಅಂತನ ಬಂದೀನಿ” ಎಂದು ನಕ್ಕಳು. ಒಬ್ಬೊಬ್ಬರ ಬುತ್ತಿಗೂ ಕೈ ಹಾಕಿದಳು. ಇದರ ಹುಳಿ ಚಂದ, ಇದಕ್ಕೆ ಯಾರ ಕೈಯ ಒಗ್ಗರಣೆ ಎಂದು ಕೇಳಿ ಕೇಳಿ ತಿಂದಳು. ವರ್ತಕನ ಹೆಂಡತಿಯ ರೊಟ್ಟಿಯನ್ನೂ ಮುರಿದು ತಿಂದು, “ಭಾಳ ಮೆತ್ತಗೆ ಬಡಿದೀರಿ ಅಕ್ಕಾರ” ಎಂದಳು.

ಹೆಂಗಸರಿಗೆ ಈಗ ಪೇಚಾಟ. ಅವಳು ತಮ್ಮ ತುತ್ತು ತಿಂದಿದ್ದಾಳೆ, ತಾವು ಅವಳದು ತಿನ್ನಬೇಕು, ತಿನ್ನಲು ಅವಳ ಮುಂದೆ ಏನೂ ಇಲ್ಲ. ಒಬ್ಬಳು ತನ್ನ ಹೋಳಿಗೆ ತೆಗೆದು ಅವಳ ವಸ್ತ್ರದ ಮೇಲಿಟ್ಟಳು. ಇನ್ನೊಬ್ಬಳು ಮೊಸರನ್ನದ ಮುದ್ದೆ ಇಟ್ಟಳು. ಮತ್ತೊಬ್ಬಳು ಹುರಿದ ಶೇಂಗಾ ಸುರಿದಳು. ವಸ್ತ್ರ ತುಂಬಿತು. ಎಲ್ಲರೂ ಅದರಿಂದಲೇ ತೆಗೆದು ತಿಂದರು. ಆ ವರ್ಷವೂ ಮೊದಲು ಬರಿದಾದದ್ದು ನೇಕಾರನ ಹೆಂಡತಿಯ ವಸ್ತ್ರವೇ.

ವರ್ತಕನ ಹೆಂಡತಿ ಕೈ ಕಟ್ಟಿಕೊಂಡೇ ಕುಳಿತಿದ್ದಳು. ಕೊನೆಗೆ ಎದ್ದು ತನ್ನ ರೊಟ್ಟಿಗಳನ್ನೆಲ್ಲ ಹೊಳೆಗೆ ಎಸೆದಳು. ಮೀನುಗಳು ಬಂದು ತಿಂದವು. ಯಾರ ಬುತ್ತಿ ಎಂದು ಅವು ಕೇಳಲಿಲ್ಲ.

ಗುರುತಾಯಿ ಅಲ್ಲಿಗೆ ನಿಲ್ಲಿಸಿದರು.

ಕಾಶಮ್ಮನಿಗೆ ಸಿಟ್ಟೇ ಬಂತು. “ಇದೇನವ್ವಾ? ಸಜ್ಜೆ ಅದೇ, ಗುರೆಳ್ಳು ಅದೇ, ರೊಟ್ಟಿ ಮೆತ್ತಗಿತ್ತೆಂದು ನೇಕಾರನ ಹೆಂಡತಿಯೇ ಹೇಳಿದಳು. ಮತ್ತೆ ಏನು ಕೊರತೆಯಾಗಿತ್ತು?”

ಗುರುತಾಯಿ ಕೋಲನ್ನು ಕೈಗೆತ್ತಿಕೊಂಡು ಎದ್ದರು.

“ಕಾಶಮ್ಮಾ, ತುಳಜವ್ವನ ಚಟ್ನಿಗೆ ಉಪ್ಪು ಹೆಚ್ಚೋ, ಕಡಿಮೆಯೋ?”

ಆ ಚಟ್ನಿಯ ಬಣ್ಣ ಕಾಶಮ್ಮನಿಗೆ ಗೊತ್ತಿತ್ತು. ಅದನ್ನು ಯಾರು ಯಾರು ಎಷ್ಟೆಷ್ಟು ಬಡಿಸಿಕೊಂಡರೆಂಬುದೂ ಗೊತ್ತಿತ್ತು. ಉಪ್ಪು ಗೊತ್ತಿರಲಿಲ್ಲ. ಗಂಟನ್ನು ಹೆಗಲಿಗೇರಿಸಿ ಗುರುತಾಯಿಯ ಹಿಂದೆ ನಡೆದಳು.

ಒರತೆಯ ದಂಡೆಯ ಮೇಲೆ ಎಲ್ಲರೂ ಗಂಟು ಬಿಚ್ಚದೆ ಕಾದು ಕುಳಿತಿದ್ದರು.

“ಎಲ್ಲಿ ಹೋಗಿದ್ದೆ ಕಾಶವ್ವಾ? ಅವ್ವಾರನ್ನ ಹಾರಿಸಿಕೊಂಡು ಹೋದಿ ಅಂತ ಹುಡುಕಾಕ ಹೊಂಟಿದ್ವಿ!” ಎಂದಳು ತುಳಜವ್ವ. ಎಲ್ಲರೂ ನಕ್ಕರು. ಅವಳು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು.

ಕಾಶಮ್ಮ ಕುಳಿತಳು. ತನ್ನ ಗಂಟನ್ನು ಬಿಚ್ಚಲಿಲ್ಲ, ಮಗ್ಗುಲಲ್ಲಿಟ್ಟಳು. ತುಳಜವ್ವ ವಸ್ತ್ರ ಬಿಚ್ಚುವುದನ್ನೇ ಕಾದು, ರೊಟ್ಟಿಯ ತುದಿ ಮುರಿದು, ಚಟ್ನಿಗೆ ಒತ್ತಿ ಬಾಯಿಗಿಟ್ಟಳು.

ಉಪ್ಪು ತುಸು ಹೆಚ್ಚಾಗಿತ್ತು. ಹೋದ ವರ್ಷದ ತುತ್ತಿನ ಋಣ ತೀರಿತು.