ಹನ್ನೆರಡು ಗುಟ್ಟಿನ ಮಾತು, ಹನ್ನೆರಡು ಕುರಿ

ಓದು ಬರಹ ನನಗಿಲ್ಲ. ಆದರೆ ಈ ಸೀಮೆಯಲ್ಲಿ ನಾನು ಕಾಣದ್ದು ಯಾವುದೂ ಇಲ್ಲ. ಚಿರತೆಯ ಬಾಲ ಹಿಡಿದು ಹಳ್ಳ ದಾಟಿದವನು ನಾನು, ಬೇಕಾದರೆ ಆ ಚಿರತೆಯನ್ನೇ ಕೇಳಿ. ಬೊಮ್ಮಲಿಂಗನ ಕತೆಯೂ ಅಷ್ಟೇ ನಿಜ.

ಬೊಮ್ಮಲಿಂಗ ಓಬಳವ್ವನ ಒಬ್ಬನೇ ಮಗ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅವರಿಗಿದ್ದದ್ದು ಹನ್ನೆರಡು ಕುರಿ, ಸೂರಿಲ್ಲದ ಒಂದು ಮುಳ್ಳುಬೇಲಿಯ ರೊಪ್ಪ. ಕುರಿಗೊಂದು ತಗಡಿನ ಮನೆ ಆಗಲಿ ಅನ್ನೋದೊಂದೇ ಓಬಳವ್ವನ ಆಸೆ. ಬಳ್ಳಾರಿಯಲ್ಲಿ ಲಾರಿ ಓಡಿಸುವ ಅವಳ ತಮ್ಮ ಪಾಪಯ್ಯ ಅದಕ್ಕೆಂದೇ ಕಣ್ಣಿಗೆ ಕಾಣದ ಕ್ರಿಪ್ಟೊ ನಾಣ್ಯ ಕೊಂಡು, ಅಕ್ಕನ ಮೊಬೈಲಿನ ವ್ಯಾಲೆಟ್‌ನಲ್ಲಿ ಇಟ್ಟ. ಅದರ ಬೀಗದ ಕೈ ಅಂದರೆ ಹನ್ನೆರಡು ಗುಟ್ಟಿನ ಮಾತು. ಟೈಗರ್, ಡಾಕ್ಟರ್, ಟಿಕೆಟ್, ರಾಕೆಟ್, ಹೀಗೆ. ಉಳಿದದ್ದೂ ನನಗೆ ಗೊತ್ತು, ಹೇಳೋದಿಲ್ಲ.

"ಬರೀಬ್ಯಾಡ, ಮರೀಬ್ಯಾಡ," ಅಂದಳು ಅವ್ವ ಮಗನಿಗೆ. "ಬೆಳಿಗ್ಗೆ ಸಂಜೆ ಸಾಲಾಗಿ ಹೇಳ್ಕೊಂಡಿರು."

ಇವನು ಕುರಿಗೊಂದು ಮಾತಿನಂತೆ ಹೆಸರಿಟ್ಟ. ಬೆಳಿಗ್ಗೆ ಕರೆದ, ಸಂಜೆ ಕರೆದ. ಹೆಸರು ಹಿಡಿದು ಕರೆಯದೆ ಒಂದು ಕುರಿಯೂ ಮನೆಗೆ ಬರದ ಹಾಗಾಯಿತು. ನಾಯಿ ಕಂಡರೆ ಮೊದಲು ಓಡುತ್ತಿದ್ದದ್ದು ಟೈಗರ್.

ಒಂದು ದಿನ ಪಾಪಯ್ಯನ ಫೋನು. "ಅಕ್ಕಾ, ವ್ಯಾಲೆಟ್ ಅಪ್‌ಡೇಟ್ ಮಾಡಿ, ಆಮೇಲೆ ನಮ್ಮದೇ ಅಂತ ವೆರಿಫೈ ಮಾಡ್ಬೇಕು. ಇಲ್ದಿದ್ರೆ ಅದು ಬಾಗಿಲು ಹಾಕ್ಕೊಳ್ತದೆ. ತಗಡೂ ಇಲ್ಲ, ಮನೇನೂ ಇಲ್ಲ."

ಓಬಳವ್ವ ಮಗನಿಗೆ ಹೇಳಿದಳು, "ಹುಣಸೇಮರ ಹತ್ತು, ಸಿಗ್ನಲ್ ಅಲ್ಲೇ ಚೆಂದಾಗೈತೆ. ಅಪ್‌ಡೇಟ್ ಒತ್ತು. ಮುಗಿಯೋ ತನಕ ಮೊಬೈಲು ಮುಟ್ಟಬ್ಯಾಡ."

ಹತ್ತಿದ, ಒತ್ತಿದ, ಕೊಂಬೆ ಮೇಲಿಟ್ಟ. ಕೋತಿ ಬಂದು ಎತ್ತಿಕೊಂಡಿತು. ಇವನು ಕೈಕಟ್ಟಿ ನೋಡಿದ. ಆ ಕೋತಿಯೂ ಸಾಮಾನ್ಯದ್ದಲ್ಲ, ಅಪ್‌ಡೇಟ್ ಮುಗಿಯುವ ತನಕ ಹಿಡಿದುಕೊಂಡೇ ಕೂತಿತ್ತು, ನಾನೇ ನೋಡಿದ್ದೇನೆ. ಓಬಳವ್ವ ಸೆರಗು ತುಂಬ ಕಡಲೆಕಾಯಿ ಸುರಿದ ಮೇಲೆ ಕೆಳಗೆ ಬಿಟ್ಟಿತು.

"ಕೋತಿ ಒಯ್ದರೂ ನೋಡ್ಕೊಂಡು ಕೂತಿದ್ಯೇನ್ಲಾ?"

"ಮುಟ್ಟಬ್ಯಾಡ ಅಂದಿದ್ಯಲ್ಲವ್ವ."

"ನನ್ನ ಕರ್ಮ. ಇನ್ಮೇಲೆ ಎದೆಗೆ ಅವಚಿ ಹಿಡ್ಕೊ, ಬಿಡಬ್ಯಾಡ."

ಮರುದಿನ ವೆರಿಫೈ. ಮುಖ ತೋರಿಸು ಅಂತು ಮೊಬೈಲು. ಇವನು ಕಂಬಳಿ ಹೊದ್ದ ಎದೆಗೆ ಅವಚಿ ಹಿಡಿದ. ಮುಖ ಕಾಣ್ತಿಲ್ಲ ಅಂತು. ಇನ್ನೂ ಬಿಗಿಯಾಗಿ ಅವಚಿದ.

"ಲೇ, ಕಂಬಳಿಗೇನು ಮುಖ ಐತಾ? ಏನು ಕೇಳ್ತಾರೋ ಅದನ್ನ ತೋರ್ಸು," ಅಂದಳು ಅವ್ವ.

ಮುಖ ತೋರಿಸಿದ, ಮೊಬೈಲು ಒಪ್ಪಿತು. ಗುಟ್ಟಿನ ಮಾತು ಹೇಳುವುದೊಂದು ಉಳಿಯಿತು. ಅಷ್ಟರಲ್ಲಿ ಯಾವನೋ ಕಳ್ಳ ಫೋನ್ ಮಾಡಿದ.

"ವ್ಯಾಲೆಟ್ ಆಫೀಸಿಂದ ಸಾರ್. ನಿಮ್ಮ ಹನ್ನೆರಡು ಮಾತು ತೋರಿಸ್ಬೇಕಲ್ಲ?"

"ಬನ್ನಿ ಸ್ವಾಮಿ, ತೋರಿಸ್ತೀನಿ. ಈಗ ಮೇಯ್ತಾ ಅವೆ."

"ಮೇಯ್ತಾ?"

"ಒಂದಕ್ಕೆ ಕಾಲು ಕುಂಟು. ಇನ್ನೊಂದು ಮರಿ ಹಾಕೋದ್ರಲ್ಲೈತೆ. ಬರೋವಾಗ ಒಂದಿಷ್ಟು ಹಿಂಡಿ ತನ್ನಿ."

ಕಳ್ಳ ಫೋನ್ ಇಟ್ಟ. ಆಮೇಲೆ ಅವನು ಕಳ್ಳತನ ಬಿಟ್ಟು ಹಿಂಡಿ ವ್ಯಾಪಾರಕ್ಕೆ ಇಳಿದ.

ಸಂಜೆ ಓಬಳವ್ವ ಮೊಬೈಲು ಹಿಡಿದಳು, ಮಗ ಕುರಿ ಕರೆದ. ಬಾಯಲ್ಲಿ ಹೇಳಿದ್ದನ್ನು ತಾನೇ ಬರೆದುಕೊಳ್ಳುವ ಮೊಬೈಲು ಅದು. ಸಾಲಾಗಿ ಕುರಿ ಬಂದವು, ಸಾಲಾಗಿ ಮಾತು ಬಂತು, ವ್ಯಾಲೆಟ್ ತೆರೆಯಿತು. ಪಾಪಯ್ಯ ಬಂದು ಒಂದಿಷ್ಟು ನಾಣ್ಯ ಮಾರಿಸಿದ, ಮಿಕ್ಕದ್ದು ಅಲ್ಲೇ ಬಿಟ್ಟ. ತಗಡಿನ ಮನೆ ಎದ್ದಿತು.

"ಊರಿಗೆಲ್ಲ ಕೇಳೋ ಹಂಗೆ ಕೂಗ್ತೀಯಲ್ಲೋ," ಅಂತ ಬೈದಳು ಅವ್ವ. "ಮಿಕ್ಕಿದ್ದು ಕಳ್ಳರ ಪಾಲಾದೀತು. ಇವತ್ತಿನಿಂದ ಆ ಮಾತು ಒಂದೂ ನಿನ್ನ ಬಾಯಿಂದ ಹೊರಗೆ ಬೀಳಬಾರ್ದು."

"ಆಗ್ಲಿ ಕಣವ್ವ."

ಆ ಸಂಜೆ ಓಬಳವ್ವ ಹೊಸ ಮನೆಗೆ ದೀಪ ಹಚ್ಚಿ ಕಾದಳು. ಕುರಿಯೂ ಬರಲಿಲ್ಲ, ಮಗನೂ ಬರಲಿಲ್ಲ. ಬಯಲಿಗೆ ಹೋಗಿ ನೋಡಿದರೆ, ಬೊಮ್ಮಲಿಂಗ ಬಾಯಿಗೆ ಟವೆಲ್ ಕಟ್ಟಿಕೊಂಡು ನಿಂತಿದ್ದ. ಎದುರಿಗೆ ಹನ್ನೆರಡು ಕುರಿ, ಕರೀಲಿ ಅಂತ ಕಿವಿ ನಿಮಿರಿಸಿ ನಿಂತಿದ್ದವು.

ತಾನೇ ಕರೆಯೋಣ ಅಂತ ಓಬಳವ್ವ ಬಾಯಿ ತೆರೆದಳು. ಅತ್ತ ನೋಡಿದಳು, ಇತ್ತ ನೋಡಿದಳು. ಬೇಲಿ ಪಕ್ಕ ಬೀಡಿ ಹಚ್ಚಿಕೊಂಡು ನಾನಿದ್ದೆ. ಬಾಯಿ ಮುಚ್ಚಿಕೊಂಡಳು.

ಇವತ್ತಿಗೂ ಕುರಿ ಬಯಲಲ್ಲೇ. ತಗಡಿನ ಮನೆಯಲ್ಲಿ ಆ ಕೋತಿ ಮಲಗ್ತದೆ.