ಕಣಜಗಲ್ಲಿಗೆ ಎಮ್ಮೆ ಕೇಳಲು ಹೋದ ಓಬ

ಹತ್ತಿರ ಬಂದು ಕೂತುಕೊಳ್ಳಿ. ನಗುವುದಾದರೆ ಮೆಲ್ಲಗೆ ನಗಿ, ದಾನಕ್ಕನ ಸಂಕಟ ನಗುವಂಥದ್ದಲ್ಲ.

ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಮಗ ಬೇಕು ಅಂತ ಎಲ್ಲ ತಾಯಂದಿರೂ ಬಯಸುತ್ತಾರೆ. ದಾನಕ್ಕನಿಗೆ ಅಂಥವನೇ ಸಿಕ್ಕಿದ್ದ, ಪಾಪ. ಅವನ ಹೆಸರು ಓಬ. ಎಮ್ಮೆ ನೋಡ್ಕೋ ಅಂತ ಅವಳು ಹೇಳಿದ್ದಳು. ಓಬ ಕಣ್ಣು ಮಿಟುಕಿಸದೆ ನೋಡುತ್ತಾ ಕೂತ. ಅವನು ನೋಡುತ್ತಿದ್ದ ಹಾಗೇ ಡೊಂಕಿ ಎಂಬ ಆ ಎಮ್ಮೆ ಪಾಳೆಗಾರನ ಜೋಳದ ಹೊಲ ಹೊಕ್ಕಿತು, ಹೊಟ್ಟೆ ತುಂಬ ಮೇಯಿತು, ಆಳುಗಳ ಕೈಗೆ ಸಿಕ್ಕಿತು, ಬೆಟ್ಟದ ಮೇಲಿನ ದೊಡ್ಡಿ ಸೇರಿತು. ಅಷ್ಟನ್ನೂ ಓಬ ನೋಡಿದ.

ಮನೆಯಲ್ಲಿ ಡೊಂಕಿಯ ಎಳೆಗರು ಅರಚುತ್ತಿತ್ತು. ದೊಡ್ಡಿಗೆ ಬಿದ್ದ ದನವನ್ನು ಅಮಾವಾಸ್ಯೆಯ ಒಳಗೆ ಹೋಗಿ ಕೇಳಬೇಕು. ಕೇಳದಿದ್ದರೆ ಅದು ಪಾಳೆಗಾರನ ಹಿಂಡಿಗೆ ಸೇರಿದಂತೆಯೇ. ದಾನಕ್ಕನ ಮಂಡಿ ಬೆಟ್ಟ ಹತ್ತುವ ಮಂಡಿಯಲ್ಲ. ಓಬನನ್ನೇ ಕಳಿಸಬೇಕು, ಇನ್ನೇನು ಮಾಡುತ್ತಾಳೆ?

ರುಮಾಲು ಸುತ್ತಿದ ದೊಡ್ಡ ಮನುಷ್ಯ ಕಂಡರೆ ಬಗ್ಗಿ 'ದೊರೆ' ಅನ್ನು ಅಂತ ಹೇಳಿ ಕಳಿಸಿದಳು. ಓಬ ಹೋದ. ಬಾಗಿಲಲ್ಲಿ ಕಾವಲುಗಾರ ರುಮಾಲು ಸುತ್ತಿದ್ದ, ಬಗ್ಗಿ 'ದೊರೆ' ಅಂದ. ಅಡುಗೆಯವನು ರುಮಾಲು ಸುತ್ತಿದ್ದ, ಅವನೂ ದೊರೆಯಾದ. ಚಾವಡಿಯಲ್ಲಿ ಕ್ಷೌರಿಕ ನಿಂತಿದ್ದ, ಅವನಿಗೂ ರುಮಾಲಿತ್ತು. ಅವನ ಮುಂದೆ ಬೋಳು ತಲೆಯ ಹುಡುಗನೊಬ್ಬ ಕೂತಿದ್ದ. ಸ್ವಲ್ಪ ಆ ಕಡೆ ಸರಿ, ದೊರೆ ಹತ್ತಿರ ಮಾತಾಡಬೇಕು ಅಂತ ಓಬ ಅವನ ಭುಜ ತಳ್ಳಿದ. ಆ ಹುಡುಗನೇ ಪಾಳೆಗಾರ. ತಂದೆ ತೀರಿ ಮೊನ್ನೆ ಮೊನ್ನೆ ಪಟ್ಟಕ್ಕೆ ಕೂತವನು.

ಕಾವಲುಗಾರ ಓಬನನ್ನು ಹೊರಗೆ ಹಾಕಿ ಬುದ್ಧಿ ಹೇಳಿದ. ಎರಡು ಹೊಲ ಇದ್ದವನೆಲ್ಲ ದೊರೆಯೇ, ನಮ್ಮ ಯಜಮಾನರನ್ನು ಹಾಗೆ ಕರೆದರೆ ಅವಮಾನ. ಅವರ ಹೆಸರನ್ನೂ ಎತ್ತುವಂತಿಲ್ಲ. ಅವರು ಆಳುವ ಬೆಟ್ಟ ಕಣಜಗಲ್ಲು, ಅವರನ್ನೂ ಬರೀ 'ಕಣಜಗಲ್ಲು' ಅಂತಲೇ ಕರೆಯಬೇಕು. ಹಿಂದೆ ಸ್ವಾಮಿ ಇಲ್ಲ, ಮುಂದೆ ಒಡೆಯ ಇಲ್ಲ.

ಓಬ ಮನೆಗೆ ಬಂದು ಇದನ್ನೆಲ್ಲ ಒಪ್ಪಿಸಿದಾಗ ದಾನಕ್ಕ ಹಣೆ ಚಚ್ಚಿಕೊಂಡಳು. "ಕೇಳಿಸ್ಕೊಂಡ್ಯೇನೋ? ಹೆಸರು ಹಿಡೀಬೇಡ. ಆಳೋ ಜಾಗ ಯಾವುದೋ ಅದನ್ನೇ ಹೇಳಿ ಶರಣು ಅನ್ನು."

ಓಬ ಮತ್ತೆ ಹೋದ. ಕಾವಲುಗಾರನಿಗೆ "ಬಾಗಿಲು, ಶರಣು" ಅಂದ. ಅವನು ನಕ್ಕು ಒಳಗೆ ಬಿಟ್ಟ. ಅಡುಗೆಯವನಿಗೆ "ಒಲೆ, ಶರಣು" ಅಂದ. ಅವನೂ ಹೇಗೋ ನುಂಗಿಕೊಂಡ. ಮುಂದೆ ಕಾವಲುಗಾರನ ತಾಯಿ ಸಗಣಿ ಬಾಚುತ್ತಿದ್ದಳು. ಓಬ ಕೈ ಮುಗಿದು, ತುಂಬಾ ಗೌರವದಿಂದ, "ತಿಪ್ಪೆ, ಶರಣು" ಅಂದ. ಬೆಟ್ಟದ ಬುಡದವರೆಗೂ ಪೊರಕೆ ಅವನ ಬೆನ್ನು ಬಿಡಲಿಲ್ಲ.

ಈ ಸಲ ದಾನಕ್ಕನಿಗೆ ನಿಜವಾಗಿಯೂ ಸಿಟ್ಟು ಬಂತು. ಕರುವಿಗೆ ಗಂಜಿ ನೆಕ್ಕಿಸುತ್ತಲೇ ಬೈದಳು. ಮನುಷ್ಯರನ್ನು ಹಾಗೆ ಕರೆಯುತ್ತಾರೇನೋ, ವಯಸ್ಸು ನೋಡಿ ಕರಿ, ಹಿರಿಯರಾದರೆ ಅಪ್ಪ, ಅವ್ವ, ಕಿರಿಯರಾದರೆ ತಮ್ಮ, ಅಂದಳು. ಸಿಟ್ಟಿನಲ್ಲಿ ಪಾಳೆಗಾರನ ಮಾತು ಬೇರೆ ಅಂತ ಹೇಳುವುದು ಮರೆತಳು. ಅಲ್ಲೇ ಎಡವಟ್ಟಾಯಿತು.

ಓಬ ಕಾವಲುಗಾರನಿಗೆ ಅಪ್ಪ ಅಂದ, ಅವನ ತಾಯಿಗೆ ಅವ್ವ ಅಂದ. ಮುದುಕಿ ಕರಗಿ ತಾನೇ ಚಾವಡಿಗೆ ಕರೆದುಕೊಂಡು ಹೋದಳು. ಅಲ್ಲಿ ಪಾಳೆಗಾರ ಗಾದಿಯ ಮೇಲೆ ಗಂಭೀರವಾಗಿ ಕೂತಿದ್ದ. ಓಬ ವಯಸ್ಸು ನೋಡಿದ. ನೆಟ್ಟಗೆ ಹೋಗಿ ಗಲ್ಲ ಸವರಿ, "ತಮ್ಮಾ, ಮೀಸೆ ಈಗ ಬರ್ತಾ ಐತಲ್ಲ. ನಮ್ಮ ಎಮ್ಮೆ ಬಿಡಪ್ಪ" ಅಂದ.

ಕತ್ತಿಗಳು ಅರ್ಧ ಹೊರಗೆ ಬಂದವು. ಪರದೆಯ ಹಿಂದೆ ಪಾಳೆಗಾರನ ತಾಯಿ ಕಿಸಕ್ಕನೆ ನಕ್ಕಳು, ಅದರಿಂದ ಓಬನ ತಲೆ ಉಳಿಯಿತು. ಎಮ್ಮೆ ಮಾತ್ರ ದೊಡ್ಡಿಯಲ್ಲೇ ಉಳಿಯಿತು.

ಬೆಳಗಾದರೆ ಅಮಾವಾಸ್ಯೆ. ದಾನಕ್ಕ ಬೈಯಲಿಲ್ಲ, ಅತ್ತಳು. ಆಮೇಲೆ ಮಗನನ್ನು ಎದುರಿಗೆ ಕೂರಿಸಿಕೊಂಡು ಒಂದೊಂದಾಗಿ ಹೇಳಿದಳು. "ಹೊಸ್ತಿಲಾಚೆ ನಿಂತ್ಕೋ. 'ಕಣಜಗಲ್ಲು, ಶರಣು' ಅನ್ನು. ಎಮ್ಮೆ ಕೇಳು. ಮರಳಿ ಬರುವಾಗ ಅವರಿಗೆ ಬೆನ್ನು ತೋರಿಸಬೇಡ ಮಗಾ, ಅದು ದೊಡ್ಡ ಅಪರಾಧ."

ನಂಬುತ್ತೀರೋ ಇಲ್ಲವೋ, ಓಬ ಎಲ್ಲವನ್ನೂ ಸರಿಯಾಗಿ ಮಾಡಿದ. ಪಾಳೆಗಾರ ಎಷ್ಟು ಖುಷಿಯಾದನೆಂದರೆ ತಾನೇ ದೊಡ್ಡಿಗೆ ಇಳಿದು ಬಂದು ಹಗ್ಗವನ್ನು ಓಬನ ಕೈಗಿಟ್ಟ. ಓಬ ಪಾಳೆಗಾರನತ್ತ ಮುಖ ಮಾಡಿ ಹಿಂದಕ್ಕೆ ಹೆಜ್ಜೆ ಇಟ್ಟ. ಡೊಂಕಿಗೆ ಆ ರೀತಿ ರಿವಾಜು ಎಲ್ಲಿಂದ ಬರಬೇಕು? ಅದು ತಿರುಗಿ ಪಾಳೆಗಾರನ ಮುಖಕ್ಕೇ ಬಾಲ ಬೀಸಿತು. ಓಬನ ಮುಖ ಕಪ್ಪಿಟ್ಟಿತು. ಎಮ್ಮೆಯನ್ನು ಅಲ್ಲೇ ಕಟ್ಟಿಹಾಕಿ, "ಕಣಜಗಲ್ಲು, ಇದಕ್ಕೆ ಮರ್ಯಾದೆ ಬರೋವರೆಗೂ ಇಲ್ಲೇ ಇರಲಿ" ಅಂದ. ಬೆಟ್ಟದಿಂದ ಮನೆಯವರೆಗೂ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುತ್ತಲೇ ನಡೆದು ಬಂದ.

ದಾನಕ್ಕ ಅವನ ಬರಿಗೈ ನೋಡಿ ಗೋಡೆಗೆ ಒರಗಿ ಕುಸಿದಳು. ಅಷ್ಟರಲ್ಲಿ ಹಿತ್ತಲಲ್ಲಿ ಕರು ಬೇರೆ ಥರ ಕೂಗಿತು. ಡೊಂಕಿ! ಕರುವಿನ ನೆನಪಾಗಿ ಹಗ್ಗ ಕಿತ್ತುಕೊಂಡು ಬೆಟ್ಟ ಇಳಿದು ಬಂದಿತ್ತು. ದಾನಕ್ಕ ಎಮ್ಮೆಯ ಕೊರಳು ತಬ್ಬಿ ಅತ್ತಳು, ನಕ್ಕಳು, ಕುಂಟುತ್ತಾ ತೌಡು ತರಲು ಒಳಗೆ ಹೋದಳು.

ಅವಳು ಹೊರಗೆ ಬಂದಾಗ ಹಿತ್ತಲಲ್ಲಿ ಕರು ಒಂದೇ ಇತ್ತು.

ಬೆಟ್ಟದ ದಾರಿಯಲ್ಲಿ ಡೊಂಕಿ ಮುಂದೆ, ಓಬ ಹಿಂದೆ. ದಾರಿಯುದ್ದಕ್ಕೂ ಪಾಳೆಗಾರನಿಗೆ ಬೆನ್ನು ತೋರಿಸಿಕೊಂಡು ಬಂದ ಎಮ್ಮೆಯಿಂದ ತಪ್ಪು ಒಪ್ಪಿಸಲು ಹೊರಟಿದ್ದ. ದಾನಕ್ಕ ಕೂಗಿದಳು, ಗಂಟಲು ಹರಿಯುವ ಹಾಗೆ ಕೂಗಿದಳು. ಓಬನಿಗೆ ಕೇಳಿಸದೆ ಇರಲಿಲ್ಲ. ಆದರೆ ತಿರುಗಿ ನೋಡಿದರೆ ಕಣಜಗಲ್ಲಿಗೆ ಬೆನ್ನು ತೋರಿಸಿದಂತೆ ಆಗುತ್ತದಲ್ಲ, ಅವನು ತಿರುಗಲಿಲ್ಲ.