ಯಾವ ಕೇರಿಗೂ ಸೇರದ ರಾಟೆ

ಗದ್ದಲ ಸಾಕು ಮಕ್ಕಳೇ, ಹತ್ತಿರ ಬಂದು ಕೂತ್ಕೊಳ್ಳಿ. ಒಂದು ರಾಜ್ಯದಲ್ಲಿ ಸೋಮಭೂಪ ಅಂತ ಒಬ್ಬ ದೊರೆ ಇದ್ದ. ಮನಸ್ಸು ಒಳ್ಳೆಯದು, ಆದರೆ ತಲೆಯಲ್ಲಿ ಒಂದೂ ನಿಲ್ಲುತ್ತಿರಲಿಲ್ಲ. ಬಲಗಾಲಿನ ಜೋಡನ್ನು ಎಡಗಾಲಿಗೆ ಹಾಕಿಕೊಂಡು, ಕಾಲು ಯಾಕೆ ನೋಯುತ್ತಿದೆ ಅಂತ ವೈದ್ಯರನ್ನು ಕರೆಸುವಂಥ ದೊರೆ.

ಅವನ ಊರಿನಲ್ಲಿ ಮೂರು ಕೇರಿ. ನೇಕಾರರದೊಂದು, ಕಮ್ಮಾರರದೊಂದು, ಗಾಣಿಗರದೊಂದು. ಮಗ್ಗ, ತಿದಿ, ಗಾಣ ಎಲ್ಲವನ್ನೂ ಅರಮನೆಯೇ ಕೊಡುತ್ತಿತ್ತು. ಕೊಟ್ಟದ್ದರ ಮೇಲೆ ಆಯಾ ಕೇರಿಯ ಗುರುತು ಕೆತ್ತುವುದು ಅಲ್ಲಿನ ಪದ್ಧತಿ. ಯಾವುದು ಯಾರಿಗೆ ಹೋಯಿತು ಅನ್ನುವುದು ಮಾತ್ರ ದೊರೆಗೆ ನೆನಪಿರುತ್ತಿರಲಿಲ್ಲ.

ಅದಕ್ಕೆಂದೇ ಪರದೇಶದ ಬಡಗಿಯೊಬ್ಬ ಮರದ ಗಿಳಿಯೊಂದನ್ನು ಮಾಡಿಕೊಟ್ಟ. ಹುಡುಕು ಅಂದದ್ದನ್ನು ಊರೆಲ್ಲ ಹಾರಾಡಿ ಹುಡುಕಿ ಬರುವ ಗಿಳಿ. ಸುಳ್ಳು ಹೇಳುತ್ತಿರಲಿಲ್ಲ. ಆದರೆ ಕೇಳಿದಷ್ಟಕ್ಕೇ ಉತ್ತರ, ಒಂದು ಮಾತು ಹೆಚ್ಚಿಲ್ಲ.

ಉಗ್ರಾಣ ನೋಡಿಕೊಳ್ಳುತ್ತಿದ್ದ ದಾಮಣ್ಣ ಅದನ್ನು ಕಂಡ. ಕಣ್ಣಿಗೆ ಬಿದ್ದದ್ದೆಲ್ಲ ತನ್ನ ಹಿತ್ತಲು ಸೇರಬೇಕು ಅನ್ನುವ ಆಸಾಮಿ ಅವನು.

“ಮಾಸ್ವಾಮಿ, ಯಾವ ಕೇರಿಗೂ ಸೇರದ ಸಾಮಾನು ಎಲ್ಲೆಲ್ಲಿದೆಯೋ ಏನೋ. ಗಿಳಿಗೆ ಹುಡುಕೋಕೆ ಹೇಳಿ. ಸಿಕ್ಕಿದ್ದನ್ನ ನಾನು ಜೋಪಾನ ಮಾಡ್ತೀನಿ” ಅಂದ.

ದೊರೆ ಹೂಂ ಅಂದ.

ಮೊದಲ ದಿನ ಗಿಳಿ ಹಾರಿ ಹೋಗಿ ಬಂತು. “ಕೆರೆ ಏರಿಯ ಹಿಂದೆ ಗುರುತು ಅಳಿದ ಮುರುಕು ಗಾಣ. ಯಾವ ಕೇರಿಗೂ ಸೇರಿಲ್ಲ.” ದಾಮಣ್ಣ ಹೊತ್ತೊಯ್ದ.

ಎರಡನೆಯ ದಿನ ಹಾರಿ ಹೋಗಿ ಬಂತು. “ಛತ್ರದಲ್ಲಿ ಬೀಸುವ ಕಲ್ಲು. ಯಾವ ಕೇರಿಗೂ ಸೇರಿಲ್ಲ.” ದಾಮಣ್ಣ ಹೊತ್ತೊಯ್ದ. ಆವತ್ತು ದಾರಿಹೋಕರು ಬೀಸದ ಜೋಳವನ್ನೇ ಬೇಯಿಸಿಕೊಂಡು ತಿಂದರು.

ಮೂರನೆಯ ದಿನ ಬಂದು ಹೇಳಿತು. “ನಡುಬೀದಿ ಬಾವಿಯ ಮೇಲೆ ರಾಟೆ. ಯಾವ ಕೇರಿಗೂ ಸೇರಿಲ್ಲ.” ದಾಮಣ್ಣ ಹಗ್ಗದ ಸಮೇತ ಬಿಚ್ಚಿಕೊಂಡು ಹೋದ.

ಕೆರೆ ಬತ್ತಿತ್ತು. ಊರಿಗೆಲ್ಲ ಅದೊಂದೇ ಬಾವಿ, ಬಗ್ಗಿ ನೋಡಿದರೆ ತಲೆ ಸುತ್ತುವಷ್ಟು ಆಳ. ರಾಟೆಯಿಲ್ಲದೆ ಒಂದು ತಂಬಿಗೆ ನೀರೂ ಮೇಲೆ ಬಾರದು. ದಾಮಣ್ಣ ಜಗಲಿಯ ಮೇಲೆ ಕಾಲು ಚಾಚಿ ಕೂತು, “ರಾಟೆ ಬೇಕಾದೋರು ಬನ್ನಿ. ದಿನವಿಡೀ ನನ್ನ ಹೊಲದಲ್ಲಿ ದುಡೀರಿ, ಒಂದು ಕೊಡ ಸೇದೋಕೆ ಕೊಡ್ತೀನಿ” ಅಂದ.

ಹೆಂಗಸರು ಖಾಲಿ ಕೊಡ ಹಿಡಿದು ಅರಮನೆಗೇ ನುಗ್ಗಿದರು. ಕಂಕುಳಲ್ಲಿದ್ದ ಕೂಸುಗಳಿಗೆ ಅತ್ತು ಅತ್ತು ದನಿ ಬಿದ್ದುಹೋಗಿತ್ತು. ದೊರೆಗೂ ಊಟದ ಜೊತೆ ನೀರು ಬಂದಿರಲಿಲ್ಲ. ತುತ್ತು ಗಂಟಲಲ್ಲೇ ಕೂತಿತ್ತು. ಗಿಳಿ ಹೇಳಿದ್ದು ನಿಜ. ದಾಮಣ್ಣ ಮಾಡಿದ್ದು ತನ್ನದೇ ಅಪ್ಪಣೆಯಂತೆ. ಎಲ್ಲವೂ ಸರಿಯಾಗಿದ್ದರೆ ನೀರು ಯಾಕಿಲ್ಲ? ಯೋಚಿಸಿದಷ್ಟೂ ಅವನ ತಲೆ ಕೆಟ್ಟಿತು. ದಾಮಣ್ಣನನ್ನು ಕರೆಸಿದ. ಅವನು ಕೈಕಟ್ಟಿ ನಿಂತು, “ರಾಟೆ ಮೇಲೆ ಯಾರ ಗುರುತೂ ಇಲ್ಲ, ಅದು ಯಾರದ್ದೂ ಅಲ್ಲ ಮಾಸ್ವಾಮಿ, ಗಿಳೀನೇ ಹೇಳ್ತು” ಅಂದ. ದೊರೆ ಇನ್ನಷ್ಟು ಗೊಂದಲಕ್ಕೆ ಬಿದ್ದ.

ಆಗ ಗಾಣಿಗರ ಕೇರಿಯ ಮುದುಕಿ ಹೊನ್ನವ್ವ ಮುಂದೆ ಬಂದಳು. “ಬುದ್ಧೀ, ಗಿಳಿಗೆ ಅದನ್ನೇ ಇನ್ನೊಂದ್ಸಲ ಕೇಳಿ. ದೂರ ಹೋಗೋದು ಬೇಡ, ಈ ಚಾವಡಿ ಒಳಗೇ ಹುಡುಕ್ಲಿ.”

ದೊರೆ ಕೇಳಿದ. ಗಿಳಿ ಒಂದು ಸುತ್ತು ಹಾರಿತು. “ಸಿಂಹಾಸನ. ಯಾವ ಕೇರಿಗೂ ಸೇರಿಲ್ಲ.”

“ಅಪ್ಪಣೆ ಅಂದ್ರೆ ಅಪ್ಪಣೆ ಮಾಸ್ವಾಮಿ” ಅಂತ ದಾಮಣ್ಣ ಸಿಂಹಾಸನದ ಕಾಲು ಹಿಡಿದೇಬಿಟ್ಟ. ದೊರೆ ಕಾಲು ಮೇಲೆತ್ತಿಕೊಂಡ.

“ದೊರೆಯ ಕಿರೀಟ. ಯಾವ ಕೇರಿಗೂ ಸೇರಿಲ್ಲ.” ದೊರೆ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ.

“ದಾಮಣ್ಣನ ಸೊಂಟದಲ್ಲಿರುವ ಉಗ್ರಾಣದ ಬೀಗದ ಕೈ. ಯಾವ ಕೇರಿಗೂ ಸೇರಿಲ್ಲ.”

“ಇದು ನನ್ನದು” ಅಂತ ದಾಮಣ್ಣ ಸೊಂಟ ಮುಚ್ಚಿಕೊಂಡ.

“ಗುರುತು ಎಲ್ಲಿದೆಯಪ್ಪಾ? ಗುರುತಿಲ್ಲದ್ದು ಯಾರದ್ದೂ ಅಲ್ಲ ಅಂತ ಈಗ ತಾನೇ ಹೇಳ್ದೆ” ಅಂದಳು ಹೊನ್ನವ್ವ.

ದೊರೆ ಅಳುವ ಹಾಗಾಗಿದ್ದ. “ಇದೇನವ್ವಾ? ಹಂಗಾದ್ರೆ ನಾನೂ ಯಾರಿಗೂ ಸೇರಿದೋನಲ್ವಾ?”

“ಗಿಳೀದು ತಪ್ಪಿಲ್ಲ ಬುದ್ಧೀ, ನಾವು ಕೇಳಿದ್ದೇ ತಪ್ಪು. ಯಾರಿಗೆ ಸೇರಿದ್ದು ಅಂತ ಕೇಳ್ಬೇಡಿ. ಅದಿಲ್ದಿದ್ರೆ ಯಾರಿಗೆ ಕಷ್ಟ ಅಂತ ಕೇಳಿ.”

ದೊರೆ ಕೇಳಿದ. “ಗಿಳೀ, ರಾಟೆ ಇಲ್ಲದಿದ್ರೆ ಯಾರಿಗೆ ಕಷ್ಟ?”

“ಮೂರು ಕೇರಿಗೂ. ಅರಮನೆಗೂ. ದನಕರುಗಳಿಗೂ.”

“ದಾಮಣ್ಣನ ಸೊಂಟದಲ್ಲಿ ಬೀಗದ ಕೈ ಇಲ್ಲದಿದ್ರೆ?”

“ದಾಮಣ್ಣನಿಗೊಬ್ಬನಿಗೇ.”

ಹುಟ್ಟಿದಾಗಿನಿಂದ ಮೊದಲ ಸಲ ದೊರೆಗೆ ಒಂದು ವಿಷಯ ಚೆನ್ನಾಗಿ ಅರ್ಥವಾಯಿತು. ಬೀಗದ ಕೈ ಕಿತ್ತು ಹೊನ್ನವ್ವನ ಕೈಗೆ ಕೊಟ್ಟ. ದಾಮಣ್ಣ ಬೀಸುವ ಕಲ್ಲನ್ನು ತಲೆಯ ಮೇಲೆ ಹೊತ್ತು ಛತ್ರಕ್ಕೆ ಮುಟ್ಟಿಸಿದ. ರಾಟೆ ಕಟ್ಟಿ, ಊರಿನ ಕೊಡವೆಲ್ಲ ತುಂಬುವವರೆಗೆ ತಾನೇ ನೀರು ಸೇದಿದ.

ಎಲ್ಲರೂ ಹೋದ ಮೇಲೆ ದೊರೆ ಮೆಲ್ಲಗೆ ಕೇಳಿದ. “ಗಿಳೀ, ನಾನಿಲ್ಲದಿದ್ರೆ ಯಾರಿಗೆ ಕಷ್ಟ?”

ಗಿಳಿ ಊರ ಮೇಲೆ ಒಂದು ಸುತ್ತು ಹಾರಿ ಬಂತು. “ಇವತ್ತಿನವರೆಗೆ ಯಾರಿಗೂ ಇಲ್ಲ. ನಾಳೆಯದು ಗೊತ್ತಿಲ್ಲ” ಅಂದಿತು. ದೊರೆ ಬೆಳಗಾದ ಕೂಡಲೇ ಎದ್ದು ಕೇರಿ ಕೇರಿಗೂ ಹೋಗಿ, ಯಾರಿಗೆ ಏನು ಕಷ್ಟ ಅಂತ ವಿಚಾರಿಸತೊಡಗಿದ. ಜೋಡು ಅದಲುಬದಲಾಗಿತ್ತು, ಯಾರೂ ನಗಲಿಲ್ಲ.

ಅದಕ್ಕೇ ಹೇಳುವುದು ಮಕ್ಕಳೇ, ಯಾರ ಹೆಸರೂ ಇಲ್ಲ ಅಂತ ಯಾವುದನ್ನೂ ಬಾಚಿಕೊಳ್ಳಬೇಡಿ. ಯಾರ ಹೆಸರೂ ಇಲ್ಲದ್ದು ಎಷ್ಟೋ ಸಲ ಎಲ್ಲರದ್ದೂ ಆಗಿರುತ್ತದೆ.